ನಕ್ಷೆಯಲ್ಲಿ ಕಂಡ ಜನ

ಭೂಕಂಪದ ನಂತರ ವೈದ್ಯರನ್ನು ಎಲ್ಲಿಗೆ ಕಳಿಸಬೇಕೆಂದು ನಮ್ಮ ಆರೋಗ್ಯ ಕಚೇರಿ ಮೊಬೈಲ್ ಸಿಗ್ನಲ್ ನೋಡಿ ನಿರ್ಧರಿಸುತ್ತಿತ್ತು. ಅಂದು ನಕ್ಷೆಯಲ್ಲಿ ಮಾರುಕಟ್ಟೆಯ ಮೂಲೆಯೊಂದರಲ್ಲಿ ನೂರಾರು ಫೋನುಗಳು ಕಂಡವು. ಬೆಳಗಿನಿಂದ ಒಂದೂ ಅಲ್ಲಾಡಿರಲಿಲ್ಲ.

"ಸಾರ್, ನೀರು ಕುಡಿಯೋಕೂ ಏಳದ ಜನ ಎಲ್ಲಾದ್ರೂ ಇರ್ತಾರಾ?" ಎಂದೆ.

"ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ, ಸಿಸ್ಟರ್. ಪಾಪ, ಕಾಲು ಮುರಿದಿರತ್ತೆ," ಎಂದ ಸಾಹೇಬರು ನನ್ನ ಜೊತೆ ಮೂಳೆ ವೈದ್ಯರನ್ನೂ ಜೀಪು ಹತ್ತಿಸಿದರು.

ಅಲ್ಲಿದ್ದದ್ದು ಜನರೇಟರ್ ಇರುವ ಒಂದೇ ಒಂದು ಅಂಗಡಿ. ಊರವರೆಲ್ಲ ಚಾರ್ಜಿಗೆ ಬಿಟ್ಟುಹೋದ ಫೋನುಗಳು ಮೇಜಿನ ತುಂಬ ಹರಡಿದ್ದವು. ಅಂಗಡಿಯವ ನಮ್ಮನ್ನು ಕಳ್ಳರಂತೆ ದಿಟ್ಟಿಸಿದ.

"ಜನ ಎಲ್ಲಪ್ಪಾ?"

"ಹೊಳೆಯಾಚೆ ಮೈದಾನದಲ್ಲಿ ನರಳ್ತಾ ಬಿದ್ದಿದಾರೆ. ನಿಮಗ್ಯಾಕೆ?"

ಅಷ್ಟರಲ್ಲಿ ಫೋನುಗಳೆಲ್ಲ ಒಟ್ಟಿಗೆ ಗುಂಯ್‌ಗುಟ್ಟಿದವು. ನಮ್ಮ ಕಚೇರಿಯದೇ ಸಂದೇಶ: "ವೈದ್ಯರು ನಿಮ್ಮ ಪಕ್ಕದಲ್ಲೇ ಇದ್ದಾರೆ. ಧೈರ್ಯವಾಗಿರಿ."