ಹುಣಸೆ, ಬೂದಿ ಮತ್ತು ಗಾಜು

ನಾನು ಒಂದು ಬತ್ತಿ ಬಂದೂಕು. ಉರಿಯುವ ಬತ್ತಿಯನ್ನು ಕಿವಿಗೆ ಮುಟ್ಟಿಸಿದರೆ ಮಾತ್ರ ಮಾತಾಡುವ ಹಳೆಯ ಕಾಲದ ಜಾತಿ ನನ್ನದು.

ಸುರಪುರದ ಸೀಮೆಯ ಒಂದು ಕುಲುಮೆಯಲ್ಲಿ ಕಮ್ಮಾರ ಮೌನಪ್ಪ ನನ್ನನ್ನು ಬಡಿದು ಬಡಿದು ಮಾಡಿದ. ನಳಿಗೆಯ ಮೇಲೆ ಬಳ್ಳಿ ಕೆತ್ತಿದ. ಅಡಿಯಲ್ಲಿ, ಮರದ ಹಿಡಿ ಕೂತು ಮುಚ್ಚುವ ಜಾಗದಲ್ಲಿ, ಒಂದು ಗಿಳಿಯ ಗುರುತು ಒತ್ತಿದ.

"ಅಲ್ಲಿ ಯಾರ ನೋಡ್ತಾರ?" ಎಂದಳು ಹೆಂಡತಿ.

"ಯಾರೂ ನೋಡಂಗಿಲ್ಲ. ಬಂದೂಕಿಗೆ ಗೊತ್ತಿರ್ತದಲ್ಲ," ಎಂದ.

ಕೋಟೆ ಕಾಯುವ ನಾಯಕರ ಮನೆಯೊಂದು ನನ್ನನ್ನು ಕೊಂಡಿತು. ಬಂದೂಕು ಎಂದ ಕೂಡಲೇ ಹುಲಿ ಹೊಡೆದಿರಬೇಕು ಎಂದು ಜನ ಬಾಯಿ ಬಿಡುತ್ತಾರೆ. ನಾನು ಹೆಚ್ಚಾಗಿ ಹೆದರಿಸಿದ್ದು ಜೋಳಕ್ಕೆ ನುಗ್ಗುವ ಹಂದಿಗಳನ್ನು. ಆಮೇಲೆ ಅದೂ ನಿಂತಿತು. ಕೋಟೆ ಬಿತ್ತು, ಮದ್ದು ಮುಗಿಯಿತು, ನಾನು ಗೋಡೆಯ ಗೂಟ ಹಿಡಿದೆ.

ಆದರೂ ವರ್ಷಕ್ಕೊಂದು ದಿನ ನನ್ನದಾಗಿತ್ತು. ಮಹಾನವಮಿಗೆ ಮನೆಯ ಹೆಂಗಸರು ನನ್ನನ್ನು ಇಳಿಸಿ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತಿದ್ದರು. ಅಂಗೈಯ ಬಿಸಿ ನನ್ನ ಮೈಗೆ ಇಳಿಯುತ್ತಿತ್ತು. ಕಡೆಗೆ ತಿಕ್ಕಿದವಳು ಭೀಮವ್ವ. ಅವಳ ಕೈ ಒರಟು. ನನಗೆ ಅದೇ ಇಷ್ಟವಾಗಿತ್ತು.

ಅವಳ ಗಂಡ ದುರ್ಗಪ್ಪ ತೀರಿಕೊಂಡ. ಲೈಸೆನ್ಸು ಅವನ ಹೆಸರಿನಲ್ಲಿತ್ತು. ಬಂದೂಕನ್ನು ಠಾಣೆಗೆ ಒಪ್ಪಿಸು, ಕರಗಿಸುತ್ತಾರೆ ಎಂದರು ಊರವರು. ಭೀಮವ್ವನಿಗೆ ಅನ್ನ ಸೇರಲಿಲ್ಲ. ಅಷ್ಟರಲ್ಲಿ ಕಲಬುರಗಿಯ ಜಹಗೀರದಾರರು ಹೇಳಿಕಳಿಸಿದರು. ಹಳೆಯ ಆಯುಧಗಳನ್ನು ಕೂಡಿಡುವ ಹವ್ಯಾಸ ಅವರದು, ಪರವಾನಗಿಯೂ ಇತ್ತು. ನಿಜವಾಗಿ ಅಪರೂಪದ್ದಾದರೆ ಒಯ್ಯುತ್ತೇನೆ, ಇಲ್ಲವಾದರೆ ಇಲ್ಲ ಎಂಬ ಮಾತು. ಪರೀಕ್ಷೆಗೆಂದು ಅಮೀನಸಾಬ ಎಂಬ ಬಲ್ಲವರನ್ನು ಕರೆತರುವವರಿದ್ದರು.

ಅವರು ಬರುವ ಮುಂಜಾನೆ ಭೀಮವ್ವ ನನ್ನನ್ನು ಕಟ್ಟೆಯ ಮೇಲೆ ಮಲಗಿಸಿ, ಎಂದೂ ತಿಕ್ಕದಷ್ಟು ತಿಕ್ಕಿದಳು. ನಾನು ಕನ್ನಡಿಯಾದೆ.

ಅಮೀನಸಾಬರು ಭೂತಗನ್ನಡಿ ಹಿಡಿದು ನನ್ನ ಮೇಲೆ ಬಾಗಿದರು, ಮತ್ತೆ ಬಾಗಿದರು. ಬಳ್ಳಿ ಎಲ್ಲಿದೆ? ಅಷ್ಟು ಕಾಲದ ಕಂದು ಬಣ್ಣ ಎಲ್ಲಿದೆ? ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು.

"ಯವ್ವಾ, ಯಾಕ ತಿಕ್ಕೀದಿ? ಇದರ ವಯಸ್ಸ ತೊಳದ ಬಿಟ್ಟೀಯಲ್ಲ."

"ನೋಡಾಕ ಬರೋರಿದ್ರಲ್ರೀ ಸಾಹೇಬ್ರ. ಹೊಲಸ ಮೈಲೆ ಹ್ಯಾಂಗ ಕೂಡಸ್ಲಿ?"

ಜಹಗೀರದಾರರು ಎದ್ದು ನಿಂತರು. "ಇಂಥಾವು ನಿನ್ನೆ ಮೊನ್ನೆ ಮಾಡಿದ್ದೂ ಸಿಗ್ತಾವು, ನಡೀರಿ."

ಭೀಮವ್ವ ಬಾಗಿಲಿಗೆ ಅಡ್ಡ ನಿಂತಳು. "ಎಲ್ಲೇ ಇರ್ಲಿ ಯಪ್ಪಾ, ಕರಗಬಾರ್ದು. ಇನ್ನೊಮ್ಮೆ ನೋಡ್ರಿ."

ನನಗೆ ಗಿಳಿ ನೆನಪಿತ್ತು. ಆದರೆ ಬತ್ತಿ ಇಲ್ಲದೆ ಬಂದೂಕು ಬಾಯಿ ತೆರೆಯುವುದು ಹೇಗೆ? ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ.

ಅಮೀನಸಾಬರು ಅವಳ ಮುಖ ನೋಡಿದರು. ಮತ್ತೆ ಕೂತು, ಕಟ್ಟು ಸಡಿಲಿಸಿ, ನಳಿಗೆಯನ್ನು ಹಿಡಿಯಿಂದ ಎತ್ತಿದರು. ಹೆಂಗಸರ ಕೈ ಎಂದೂ ತಲುಪದ ಆ ಅಡಿಮೈ ಕಂದಾಗಿಯೇ ಇತ್ತು. ಅದರ ನಡುವೆ ಗಿಳಿ ಕೂತಿತ್ತು.

"ಈ ಗುರುತಿಂದು ನಾನು ಕಂಡಿದ್ದು ಇನ್ನೊಂದೇ ಒಂದು, ಅದೂ ಮುರದದ್ದು," ಎಂದರು ಅವರು ಮೆಲ್ಲಗೆ. ಜಹಗೀರದಾರರು ಮತ್ತೆ ಕೂತರು.

ಹೀಗೆ ನಾನು ಉಳಿದೆ. ಈಗ ಕಲಬುರಗಿಯಲ್ಲಿ ಗಾಜಿನ ಕಪಾಟಿನೊಳಗೆ ಮಖಮಲ್ಲಿನ ಮೇಲಿದ್ದೇನೆ. ನನ್ನನ್ನು ಯಾರೂ ಮುಟ್ಟಬಾರದು ಎಂಬುದು ಅಮೀನಸಾಬರ ಅಪ್ಪಣೆ. ಮುಟ್ಟಿದರೆ ಬೆಲೆ ಇಳಿಯುತ್ತದಂತೆ. ಪಕ್ಕದಲ್ಲಿ ಕಠಾರಿಗಳಿವೆ, ಪಿಸ್ತೂಲುಗಳಿವೆ. ಒಬ್ಬರಿಗೊಬ್ಬರು ಪರಿಚಯವಿಲ್ಲ. ನನಗೆ ಬಹಳ ಬೇಸರವಾಗುತ್ತದೆ.

ಮೊದಲ ಮಹಾನವಮಿಗೆ ಭೀಮವ್ವ ಬಸ್ಸು ಹಿಡಿದು ಬಂದಳು. ಸೆರಗಿನ ಗಂಟಿನಲ್ಲಿ ಹುಣಸೆಹಣ್ಣೂ ಬೂದಿಯೂ ಇದ್ದವು.

"ಮುಟ್ಟಬ್ಯಾಡವ್ವಾ," ಎಂದರು ಜಹಗೀರದಾರರು, ಒರಟಾಗಿಯೇನಲ್ಲ.

"ಇಲ್ರೀ," ಎಂದಳು. ಹುಣಸೆಯನ್ನು ಹಾಗೆಯೇ ಕಟ್ಟಿಕೊಂಡು, ಬೂದಿಯಲ್ಲಿ ಬೆರಳದ್ದಿ, ನನ್ನ ನಳಿಗೆಯ ನೇರಕ್ಕೆ ಗಾಜಿನ ಮೇಲೆ ವಿಭೂತಿ ಎಳೆದಳು. ಅಂಗೈಯನ್ನು ಗಾಜಿಗೆ ಒತ್ತಿ ಸ್ವಲ್ಪ ಹೊತ್ತು ನಿಂತಳು. ಬಿಸಿ ಒಳಗೆ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಆಳು ಬಂದು ಬಟ್ಟೆಯಿಂದ ತಿಕ್ಕಿ ತಿಕ್ಕಿ ಒರೆಸಿದ, ಗಾಜನ್ನು.