ಸುಗಲಮ್ಮನ ಕೈ

“ಸರೀರಿ, ಜರಾ ಸರೀರಿ” ಎನ್ನುತ್ತ ಬೀರಣ್ಣ ಹೆಂಗಸರ ನಡುವೆ ದಾರಿ ಮಾಡಿಕೊಂಡು ಒಳಗೆ ಬಂದ. ಕಿಸೆಯಲ್ಲಿ ಎರಡು ಹಾಳೆ ಇಂಗ್ಲಿಷ್ ಇತ್ತು. ಹೈದರಾಬಾದಿನಿಂದ ಯಾದಗಿರಿಯವರೆಗೆ ರೈಲಿನಲ್ಲಿ ಕೂತು ಬರೆದದ್ದು. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದ ಮರಿಲಿಂಗಪ್ಪ ಮಾಸ್ತರರ ಶವವನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಪಕ್ಕದಲ್ಲಿ ಹೆಂಡತಿ ಸುಗಲಮ್ಮ ಸೆರಗು ಬೀಸಿ ನೊಣ ಓಡಿಸುತ್ತಿದ್ದಳು. ಅಳುತ್ತಿರಲಿಲ್ಲ.

“ಕಾಲೇಜಿನವರು ಏನರ ಮಾತಾಡೋದಿದ್ರ ಲಗೂ ಮಾತಾಡ್ರಿ. ಹೊಳಿ ದಂಡಿಗಿ ಕುಣಿ ತೋಡ್ಯಾರ,” ಎಂದ ಮಾಸ್ತರರ ಅಣ್ಣ ಗುರಣ್ಣ.

ಸಹಪಾಠಿ ಸಿಕಂದರ ಬೀರಣ್ಣನನ್ನು ಮುಂದೆ ನೂಕಿದ. “ನೀನ ಓದಲೇ. ನನ್ನ ಬರವಣಿಗಿಗಿ ಸುಗಲಮ್ಮಕ್ಕಾರು ಒಮ್ಮೆನೂ ಕೈ ನಿಲ್ಲಿಸಿಲ್ಲ.”

*

ನಿಜಾಮರ ಆಳ್ವಿಕೆ ಮುಗಿದ ಮೇಲೆ ಕಾಲೇಜಿನ ಪಾಠವೆಲ್ಲ ಇಂಗ್ಲಿಷಿಗೆ ತಿರುಗಿತು. ಉರ್ದುವಿನಲ್ಲಿ ಕಲಿತ ಹುಡುಗರು ಪ್ರಬಂಧವನ್ನೂ ಅರ್ಜಿಯಂತೆ ಬರೆಯುತ್ತಿದ್ದರು. ಮಾಸ್ತರರು ಒಂದು ಇಂಗ್ಲಿಷ್ ಕತೆ ಓದಿ ಅರ್ಧಕ್ಕೆ ನಿಲ್ಲಿಸುತ್ತಿದ್ದರು. ಉಳಿದದ್ದನ್ನು ಹುಡುಗರು ಇಂಗ್ಲಿಷಿನಲ್ಲಿ ಬರೆದು, ಭಾನುವಾರ ಮನೆಗೆ ಬಂದು ಸುಗಲಮ್ಮನಿಗೆ ಕನ್ನಡದಲ್ಲಿ ಹೇಳಬೇಕು. ಅವಳಿಗೆ ಯಾವ ಓದೂ ಬಾರದು. ರೊಟ್ಟಿ ಬಡಿಯುತ್ತ ಕೇಳುವಳು. ಕೈ ನಿಂತರೆ ಪಾಸು.

ಒಮ್ಮೆ ಕತೆಯ ಮುದುಕ ತನ್ನ ನಾಯಿ ಮಾರಿದ್ದ. ಬೀರಣ್ಣ ದುಃಖದ ಸಾಗರ, ಒಡೆದ ಎದೆ ಎಂದೆಲ್ಲ ಬರೆದ. ರೊಟ್ಟಿಯ ಸಪ್ಪಳ ನಿಲ್ಲಲಿಲ್ಲ.

“ನಿಮ್ಮಪ್ಪ ಕುರಿ ಮಾರಿಲ್ಲೇನು?” ಎಂದರು ಮಾಸ್ತರರು. “ಅವತ್ತ ನೀ ಏನ ನೋಡಿದಿ ಅದನ್ನ ಬರಿ.”

ಮುಂದಿನ ವಾರ ಬೀರಣ್ಣನ ಕತೆಯಲ್ಲಿ ನಾಯಿ ಸಂಜೆಗೆ ಹಳೆಯ ಮನೆಗೇ ಬಂತು. ಮುದುಕ ಬಾಗಿಲು ಹಾಕಿಕೊಂಡು, ಕೆಮ್ಮು ಬಂದರೂ ಕೆಮ್ಮದೆ ಒಳಗೆ ಕೂತ.

ಸುಗಲಮ್ಮನ ಕೈ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಸೀದಿತು.

“ಕರ್ರಗ ಆದಷ್ಟು ಮಾರ್ಕ್ಸ್ ಜಾಸ್ತಿ,” ಎಂದು ಮಾಸ್ತರರು ಅದನ್ನೇ ಮುರಿದು ತಿಂದರು.

*

ಬೀರಣ್ಣ ಎರಡೂ ಹಾಳೆ ಓದಿ ಮುಗಿಸಿದ.

“ಕನ್ನಡದಾಗ ಹೇಳಪ್ಪ,” ಎಂದಳು ಸುಗಲಮ್ಮ. ಸೆರಗು ಬೀಸುತ್ತಲೇ ಇತ್ತು.

“ಜ್ಞಾನದ ದೀಪ ಆರಿ ಹೋತು ಅಂತ ಬರದೀನ್ರಿ.”

“ಯಾವ ದೀಪ? ಬಾಜೂಕ ಇಟ್ಟಿದ್ದು ಉರಿಯಾಕತ್ತೈತಿ ನೋಡು.”

ಅಳುತ್ತಿದ್ದ ಹೆಂಗಸೊಬ್ಬಳು ನಕ್ಕುಬಿಟ್ಟಳು. ಗುರಣ್ಣ, “ಸಾಕು, ಎತ್ರಿ ಇನ್ನ” ಎಂದ.

“ತಡೀರಿ ಭಾವ. ಹುಡುಗ ಇನ್ನೊಮ್ಮಿ ಹೇಳ್ತಾನ.”

ಬೀರಣ್ಣ ಹಾಳೆ ಮಡಚಿ ಕಿಸೆಗೆ ಹಾಕಿದ. ತಿದ್ದಿ ತರಲು ಮುಂದಿನ ಭಾನುವಾರ ಇರಲಿಲ್ಲ.

“ನಾ ಮೊದಲ್ನೇ ಸಲ ನಿಮ್ಮನಿಗಿ ಬಂದಾಗ ನನ್ನ ಅಂಗಿ ಕುರಿ ವಾಸನಿ ಹೊಡೀತಿತ್ರಿ. ಹಾಸ್ಟೆಲಿನ್ಯಾಗ ಯಾರೂ ಬಾಜೂಕ ಕೂಡ್ತಿರಲಿಲ್ಲ. ಅದಕ್ಕ ನಾ ಹೊಸ್ತಿಲ ಹೊರಗ ಕುಂತೆ. ಸರ್ ಎದ್ದು ಬಂದ್ರು. ಒಳಗ ಬಾ ಅನ್ನಲಿಲ್ಲ. ತಾವೂ ಹೊರಗ ಬಂದು ನನಗ ಹತ್ತಿ ಕುಂತ್ರು. ಕತಿ ಮುಗಿಯೂತನಕ ಬಿಸಲು ಅವರ ಬೆನ್ನಿಗಿ ಹೊಡೀತು. ನನಗ ಅವರ ನೆರಳಿತ್ತು.”

ಸೆರಗು ನಿಂತಿತು. ನೊಣವೊಂದು ಬಂದು ಮಾಸ್ತರರ ಹಣೆಯ ವಿಭೂತಿಯ ಮೇಲೆ ಕೂತಿತು. ಯಾರೂ ಓಡಿಸಲಿಲ್ಲ.