ಕಂಪ್ಯೂಟರಿಗೆ ಹೊಲಿದ ಅಂಗಿ

ಅಜ್ಜಂಪುರದಲ್ಲಿ ನಾನು ಹೊಲಿದ ರವಿಕೆಗೆ ಹೆಸರಿದೆ. ಹಾಗೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ರವಿಕೆಯ ಕಸೂತಿಯನ್ನು ಕಂಪ್ಯೂಟರಿನಲ್ಲಿ ಬರೆಯುವುದನ್ನು ಕಡೂರಿಗೆ ಬಸ್ಸಿನಲ್ಲಿ ಹೋಗಿ ಬಂದು ಕಲಿತೆ. ನನ್ನ ಸಂಪಾದನೆಯಲ್ಲೇ ಕಂಪ್ಯೂಟರನ್ನೂ ತಂದೆ.

ತಂದ ದಿನವೇ ವಿಶ್ವನಾಥ ಭಾವ ಬಂದರು. ನಮ್ಮ ಯಜಮಾನರ ಅಣ್ಣ. ಅವರ ಕೊಬ್ಬರಿ ಮಂಡಿಯಲ್ಲೂ ಒಂದು ಕಂಪ್ಯೂಟರಿದೆ. ಅದನ್ನು ಮುಟ್ಟುವವನು ಗುಮಾಸ್ತ, ಅದರ ಬಗ್ಗೆ ಮಾತಾಡುವವರು ಭಾವ.

"ಮಾನಿಟರ್ ಪ್ಲಾಸ್ಟಿಕ್ ಕೀಳ್ಬೇಡ ಕಣಮ್ಮ, ಹೊಸ್ದಾಗೇ ಇರ್ತದೆ. ಪಾಸ್‌ವರ್ಡು ಗೋಡೆ ಮೇಲೆ ಬರೆದಿಡು. ನೀನು ತವರಿಗೆ ಹೋದ್ರೆ ಮನೆಯೋರು ಏನ್ಮಾಡ್ಬೇಕು? ಆಂಟಿವೈರಸ್ ಒಂದು ಸಾಲ್ದು, ಮೂರು ಹಾಕು. ಒಂದು ತೂಕಡಿಸಿದ್ರೆ ಇನ್ನೊಂದು ಕಾಯ್ತದೆ."

"ಅಪ್‌ಡೇಟ್ ಅಂತ ಬಂದ್ರೆ ಭಾವ?"

"ಸ್ವಿಚ್ ಆರಿಸ್ಬಿಡು. ಅದು ಕಂಪನಿಯೋರು ನಮ್ಮನೆ ಇಣುಕಿ ನೋಡೋಕೆ ಮಾಡ್ಕೊಂಡಿರೋ ಉಪಾಯ."

ಭಾವ ಹೇಳಿದ್ದನ್ನೆಲ್ಲ ಹಾಗೆಯೇ ಮಾಡಿದೆ. ಅತ್ತೆ ತೀರ್ಥಮ್ಮ ಸಿಪಿಯು ಡಬ್ಬಕ್ಕೆ ಈಬತ್ತಿ ಬಳಿದು, "ಧೂಳು ಕೂರದಂಗೆ ಒಂದು ಅಂಗಿ ಹೊಲ್ದು ಹಾಕೇ" ಎಂದರು. ಅದು ನನ್ನ ಮನಸ್ಸಿನಲ್ಲೂ ಇತ್ತು. ನಮ್ಮ ಮನೆಯ ಮಿಕ್ಸಿ, ಟಿವಿ, ವಾಷಿಂಗ್ ಮಷಿನ್ ಎಲ್ಲಕ್ಕೂ ನಾನೇ ಹೊಲಿದ ಅಂಗಿಗಳಿವೆ. ಇದಕ್ಕೆ ಮದುವೆ ರವಿಕೆಯಲ್ಲಿ ಉಳಿದ ನೇರಳೆ ರೇಷ್ಮೆ, ಒಳಗೆ ಲೈನಿಂಗು, ಅಂಚಿಗೆ ಲೇಸು. ಎಲ್ಲೂ ಸುಕ್ಕಿಲ್ಲದಂತೆ ಕೂತಿತು. ಬೀದಿಯ ಹೆಂಗಸರು ಬಂದು ಸವರಿ ನೋಡಿಕೊಂಡು ಹೋದರು.

ಆದರೆ ಕಂಪ್ಯೂಟರ್ ಆನ್ ಮಾಡಿದ ಸ್ವಲ್ಪ ಹೊತ್ತಿಗೆ ತಾನೇ ಆರಿಹೋಗತೊಡಗಿತು. ಬರೆದ ನವಿಲು ಅರ್ಧಕ್ಕೇ ಮಾಯ.

ಒಂದು ಬೆಳಿಗ್ಗೆ ಭಾವ ಮತ್ತೆ ಬಂದರು. "ಇದು ಹೆಂಗಸರ ಕೈಗೆ ಬಗ್ಗೋ ಸಾಮಾನಲ್ಲ ಕಣಮ್ಮ. ಸಂಜೆ ಆಟೋ ತರ್ತೀನಿ, ಮಂಡಿಗೆ ಹಾಕ್ಕೊಂಡು ಹೋಗ್ತೀನಿ. ಅಲ್ಲಾದ್ರೂ ಕೆಲಸಕ್ಕೆ ಬರ್ಲಿ."

ಯಜಮಾನರು ಅಣ್ಣನಿಗೆ ಎದುರಾಡಿದವರಲ್ಲ. "ಹೂಂ" ಎಂದರು. ಆ ಹೂಂ ನನ್ನನ್ನು ಚುಚ್ಚಿತು. ಈ ಮನೆಯಲ್ಲಿ ನನ್ನದು ಎಂದು ನಾನು ಕರೆದ ಮೊದಲ ವಸ್ತು ಅದು.

ಭಾವ ಹೋದ ಮೇಲೆ ಆನ್ ಮಾಡಿ, ಅದು ಆರುವವರೆಗೂ ಪಕ್ಕದಲ್ಲೇ ಕೂತೆ. ರೇಷ್ಮೆಯ ಮೇಲೆ ಅಂಗೈ ಇಟ್ಟೆ. ಜ್ವರ ಬಂದ ಮಗುವಿನ ಹಣೆಯಂತೆ ಸುಡುತ್ತಿತ್ತು. ಬಿಸಿಗಾಳಿ ಹೊರಬರಬೇಕಾದ ಕಿಂಡಿಗಳನ್ನೆಲ್ಲ ನಾನು ಲೈನಿಂಗು ಕೊಟ್ಟು ಮುಚ್ಚಿದ್ದೆ.

ಅಂಗಿ ಬಿಚ್ಚಿದೆ. ಮಾನಿಟರಿನ ಪ್ಲಾಸ್ಟಿಕ್ ಕಿತ್ತೆ. ಎರಡು ಆಂಟಿವೈರಸ್ ತೆಗೆದೆ, ಅಪ್‌ಡೇಟನ್ನು ಮುಗಿಯುವವರೆಗೆ ಬಿಟ್ಟೆ. ಪಾಸ್‌ವರ್ಡ್ ಬದಲಾಯಿಸಿದೆ. ಹೊಸದು ನನ್ನೊಬ್ಬಳಿಗೇ ಗೊತ್ತು.

ಸಂಜೆ ಬಾಗಿಲಲ್ಲಿ ಆಟೋ ನಿಂತಾಗ ನವಿಲಿಗೆ ಗರಿ ತುಂಬುತ್ತಿದ್ದೆ. ಭಾವ ಬಂದರೆ ಎದ್ದು ಸೆರಗು ಹೊದ್ದು ನಿಲ್ಲುವುದು ರೂಢಿ. ಅಂದು ಕೂತೇ ಇದ್ದೆ.

"ಆರ್ತಾ ಇಲ್ವಾ?"

"ಮಧ್ಯಾಹ್ನದಿಂದ ಓಡ್ತಾ ಇದೆ ಭಾವ."

"ನೋಡ್ದಾ? ನಾನು ಹೇಳ್ದಂಗೆ ಮಾಡಿದ್ದಕ್ಕೆ."

"ಇಲ್ಲ ಭಾವ. ನಾನು ಹೊಲ್ದಿದ್ದನ್ನೂ ತೆಗ್ದೆ, ನೀವು ಹೇಳಿದ್ದನ್ನೆಲ್ಲ ತೆಗ್ದೆ."

ಅಡುಗೆಮನೆಯಲ್ಲಿ ಅತ್ತೆ ಕೆಮ್ಮಿದರೋ ನಕ್ಕರೋ ತಿಳಿಯಲಿಲ್ಲ.

"ಆಟೋದವನಿಗೆ ಹೋಗೋಕೆ ಹೇಳ್ತೀನಣ್ಣ," ಎಂದು ಯಜಮಾನರು ಚಪ್ಪಲಿ ಮೆಟ್ಟಿದರು.

ನಾನು ತಿರುಗಿ ನೋಡಲಿಲ್ಲ. ಇನ್ನೂ ಒಂದು ಸಾಲು ಗರಿ ಬಾಕಿ ಇತ್ತು.